"ದಲಾಗ" ಅಂದ್ರೆ ಬರೀ ಹುಡುಗಿ ಅಂತಾನಾ? ಮೋಂಬತ್ತಿ ಹಿಡಿದು ಎರಡು ಮಾತು ಹೇಳಬೇಕು, ಸಹಾಯ ಮಾಡಿ

ಮರಳೂರ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನು ದೋಹಾದಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಅರ್ಧಕ್ಕರ್ಧ ಜನ ಫಿಲಿಪೀನ್ಸ್‌ನವರು. ಮುಂದಿನ ಶುಕ್ರವಾರ ನಮ್ಮ ಸೀನಿಯರ್ ಒಬ್ಬರ ಮಗಳಿಗೆ ಹದಿನೆಂಟು ತುಂಬುತ್ತದೆ. ಅವರಲ್ಲಿ ಇದು ಮದುವೆಯಷ್ಟೇ ದೊಡ್ಡ ಸಮಾರಂಭ, "ದೆಬು" ಅನ್ನುತ್ತಾರೆ. ಹದಿನೆಂಟು ಗಂಡಸರು ಒಬ್ಬೊಬ್ಬರಾಗಿ ಗುಲಾಬಿ ಕೊಟ್ಟು ಅವಳ ಜೊತೆ ಕುಣಿಯಬೇಕು. ಹದಿನೆಂಟು ಹೆಂಗಸರು ಮೋಂಬತ್ತಿ ಹಚ್ಚಿ ಹಾರೈಸಬೇಕು. ನನ್ನ ಹೆಸರು ಮೋಂಬತ್ತಿ ಪಟ್ಟಿಯಲ್ಲಿದೆ.

ಒಂದು ಸಾಲಾದರೂ ಅವರ ಭಾಷೆ ತಗಾಲೊಗ್‌ನಲ್ಲಿ ಹೇಳೋಣ ಅಂತ ಆಸೆ. ಒಬ್ಬಳು "ದಲಾಗ ಕ ನ" ಅಂತ ಹೇಳಿಕೊಟ್ಟಳು. ಆದರೆ ನಮ್ಮ ವಾರ್ಡಿನಲ್ಲೇ ಇನ್ನೊಬ್ಬರಿದ್ದಾರೆ. ನಲವತ್ತಮೂರು ವರ್ಷ, ಮದುವೆ ಆಗಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ರೇಗಿಸಿದರೆ ಎದೆ ಮುಟ್ಟಿಕೊಂಡು "ದಲಾಗ ಪ ಅಕೋ" ಅನ್ನುತ್ತಾರೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಹದಿನೆಂಟರವಳೂ ದಲಾಗ, ನಲವತ್ತಮೂರರವರೂ ದಲಾಗ. ಸಾಲದ್ದಕ್ಕೆ ಮತ್ತೊಬ್ಬಳು, ಹುಡುಗಿ ದೊಡ್ಡವಳಾದಾಗಲೂ ಇದೇ ಮಾತು ಹೇಳುತ್ತಾರೆ ಅಂದಳು. ಅಷ್ಟು ಜನರ ಮುಂದೆ ನಿಂತು "ನೀನು ಮೈನೆರೆದೆ" ಅಂತ ಹೇಳಿಬಿಟ್ಟರೆ ನನ್ನ ಗತಿ ಏನು?

ಸುಮ್ನೆ_ಓದ್ತೀನಿ

ಹ್ಯಾಪಿ ಬರ್ತ್‌ಡೇ ಅಂತ ಹೇಳಿ, ಬಿರಿಯಾನಿ ತಿಂದು ಬನ್ನಿ ಅಕ್ಕಾ.

ದವಾವೋ_ಡಾಕ್ಟ್ರು

ಅಕ್ಕಾ, ನಾನು ಫಿಲಿಪೀನ್ಸ್‌ನ ದವಾವೋದಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಇಲ್ಲಿ ಮಾತು ಬಿಸಾಯಾ, ಆದರೆ ತಗಾಲೊಗ್ ಎಲ್ಲರಿಗೂ ಗೊತ್ತು. ದಲಾಗ ಅನ್ನುವ ಪದ ಎರಡರಲ್ಲೂ ಇದೆ.

ನಿಮ್ಮ ಗೊಂದಲ ಆ ಪದದಲ್ಲಿ ಇಲ್ಲ. ಅದರ ಹಿಂದೆ ಬರುವ "ನ" ಮತ್ತು "ಪ" ನೋಡಿ. "ನ" ಅಂದರೆ ಆಗಲೇ ಆಗಿದೆ. "ಪ" ಅಂದರೆ ಇನ್ನೂ ಹಾಗೇ ಇದೆ. "ದಲಾಗ ಕ ನ" ಅಂದರೆ ನೀನು ಆಗಲೇ ದಲಾಗ ಆಗಿಬಿಟ್ಟೆ, ಮಗುತನ ಮುಗೀತು ಅಂತ. "ದಲಾಗ ಪ ಅಕೋ" ಅಂದರೆ ನಾನಿನ್ನೂ ದಲಾಗ, ಮದುವೆ ಆಗಿಲ್ಲ ಅಂತ. ಈ ಕಡೆ ಬಾಲ್ಯ, ಆ ಕಡೆ ಮದುವೆ, ನಡುವೆ ಇರೋದೇ ದಲಾಗ. "ನ" ಹೇಳುವವರು ಹಿಂದಿನ ಬೇಲಿ ನೋಡುತ್ತಿದ್ದಾರೆ. "ಪ" ಹೇಳುವವರು ಮುಂದಿನ ಬೇಲಿ ನೋಡುತ್ತಿದ್ದಾರೆ.

ಹಾಗಾಗಿ ವಯಸ್ಸಿನ ಮೇಲ್ಮಿತಿ ಅಂತ ಏನೂ ಇಲ್ಲ. ಮದುವೆ ಆಗದಿದ್ದರೆ ಆಯಿತು. ಬರೀ "ದಲಾಗ" ಅಂದಾಗ ಕೇಳುವವರ ಕಣ್ಣಿಗೆ ಎಳೆ ಹುಡುಗಿ ಬರುತ್ತಾಳೆ, ಅದಕ್ಕೇ ನಿಮ್ಮ ಕ್ಯಾಂಟೀನಿನಲ್ಲಿ ನಗು.

ಪದಪುರಾಣ

ದವಾವೋದವರು ಚೆನ್ನಾಗಿ ಹೇಳಿದರು. ಒಂದು ಸಣ್ಣ ವಿಷಯ ಸೇರಿಸುತ್ತೇನೆ. "ದಲಾಗ ಕ ನ" ಅನ್ನುವಾಗ "ಕ" ಮೊದಲು, "ನ" ಆಮೇಲೆ. "ದಲಾಗ ಪ ಅಕೋ" ಅನ್ನುವಾಗ ಉಲ್ಟಾ, "ಪ" ಮೊದಲು, "ಅಕೋ" ಆಮೇಲೆ. ಒಂದೇ ಅಕ್ಷರದ "ನೀನು" ಇಂಥ ಚಿಕ್ಕ ಪದಗಳಿಗಿಂತ ಮುಂದೆ ಓಡುತ್ತದೆ, ಎರಡಕ್ಷರದ "ನಾನು" ಹಿಂದೆ ಉಳಿಯುತ್ತದೆ. ವೇದಿಕೆ ಮೇಲೆ ಇದನ್ನು ತಿರುಗುಮುರುಗು ಮಾಡಬೇಡಿ.

ಉಚ್ಚಾರವೂ ನೋಡಿಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನಮ್ಮವರು "ದಳಗ" ಅಂತ ಓದಿಬಿಡುತ್ತಾರೆ. ನಡುವಿನ "ಲಾ" ಎಳೆಯಬೇಕು.

ಈ ಪದಕ್ಕೆ ದೊಡ್ಡ ಕುಟುಂಬವೇ ಇದೆ. ಹತ್ತು ಹನ್ನೆರಡರ ಆಸುಪಾಸಿನ, ಇನ್ನೂ ಓಡಾಡಿಕೊಂಡಿರುವ ಹುಡುಗಿ "ದಲಗಿಂದಿಂಗ್". ಕೇಳಿದರೇ ಗೆಜ್ಜೆ ಸದ್ದು ಬರುತ್ತದೆ, ಅಲ್ವಾ? ಹದಿಹರೆಯಕ್ಕೆ ಬಂದವಳು "ದಲಗೀತ". ಇದರ ಬಾಲದಲ್ಲಿರುವ "ಈತ" ಅಪ್ಪಟ ಸ್ಪ್ಯಾನಿಷ್ ಸರಕು. ಆ ಭಾಷೆಯಲ್ಲಿ ಹೆಣ್ಣಿನ ಹೆಸರನ್ನು ಪುಟ್ಟದು ಮಾಡಿ ಹೇಳಲು ಅದನ್ನು ಅಂಟಿಸುತ್ತಾರೆ. ಮದುವೆಯಾಗದ ಗಂಡು "ಬಿನಾತ", ಅವನ ಎಳೆ ರೂಪ "ಬಿನತಿಲ್ಯೊ". ಆ "ಇಲ್ಯೊ" ಕೂಡ ಸ್ಪ್ಯಾನಿಷ್‌ನದೇ, ಗಂಡಿನದು. ತಮಾಷೆ ನೋಡಿ. ತಗಾಲೊಗ್‌ನಲ್ಲಿ ಅವನು, ಅವಳು ಅನ್ನುವ ಭೇದವೇ ಇಲ್ಲ, ಇಬ್ಬರಿಗೂ "ಸಿಯ". ಅಂಥ ಭಾಷೆ ಹದಿಹರೆಯದವರಿಗೆ ಮಾತ್ರ ಹೊರಗಿನಿಂದ ಗಂಡುಬಾಲ ಹೆಣ್ಣುಬಾಲ ತಂದು ಕಟ್ಟಿದೆ.

ಇನ್ನು ಕ್ರಿಯಾಪದ. "ಮಗ್‌ದಲಾಗ" ಅಂದರೆ ದಲಾಗ ಆಗುವುದು. "ನಗ್‌ದಲಾಗ" ಅಂದರೆ ಆದಳು. ಈಗ ಆಗುತ್ತಿದ್ದಾಳೆ ಅನ್ನಬೇಕಾದರೆ ಮೊದಲಕ್ಷರ ಎರಡು ಸಲ: "ನಗ್‌ದದಲಾಗ". ಆ ತೊದಲಿನಲ್ಲೇ ಕೆಲಸ ಇನ್ನೂ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಅಲ್ಲಿನ ಶಾಲೆಯ ಪುಸ್ತಕದಲ್ಲಿ ಹದಿಹರೆಯಕ್ಕೆ "ಪಗ್‌ದದಲಾಗ" ಮತ್ತು "ಪಗ್‌ಬಿಬಿನಾತ" ಅಂತ ಎರಡು ಪದ ಜೋಡಿಸಿ ಬರೆಯುತ್ತಾರೆ. ಒಂದು ಹುಡುಗಿಯರದು, ಒಂದು ಹುಡುಗರದು.

ಸುಮ್ನೆ_ಓದ್ತೀನಿ

ಅಕ್ಕ ಕೇಳಿದ್ದು ಒಂದು ಸಾಲು. ನೀವು ವ್ಯಾಕರಣ ಪರೀಕ್ಷೆಗೆ ಕೂರಿಸಿದ್ರಿ.

ಸಂಸ್ಕೃತಿ_ಸೇವಕ

ಇಷ್ಟೆಲ್ಲಾ ಸುತ್ತುವ ಅಗತ್ಯವೇ ಇಲ್ಲ. ದಲಾಗ ಅನ್ನುವುದು ಸಂಸ್ಕೃತದ "ದಾರಿಕಾ". ದಾರಿಕಾ ಅಂದರೆ ಹುಡುಗಿ. ಫಿಲಿಪೀನ್ಸ್ ಭಾಷೆಯ ತುಂಬ ಸಂಸ್ಕೃತವೇ ಇದೆ. ಗುರುವಿಗೆ "ಗುರೊ", ಮುಖಕ್ಕೆ "ಮುಖಾ", ಬೆಲೆಗೆ "ಹಲಗ", ಅದು ನಮ್ಮ "ಅರ್ಘ". ಅರ್ಘ ಹಲಗ ಆದ ಮೇಲೆ ದಾರಿಕಾ ದಲಾಗ ಆಗಬಾರದೇಕೆ?

ಪದಪುರಾಣ

ಸೇವಕರೇ, ಗುರೊ, ಮುಖಾ, ಹಲಗ ಎಲ್ಲವೂ ನಿಜ. ದಿವಾತ ಅಂದರೆ ದೇವತೆ, ಅದೂ ನಿಜ. ಆದರೆ ದಲಾಗ ಆ ಗುಂಪಿನದಲ್ಲ.

ಹಲಗ ಪದದ "ಗ" ಬಂದದ್ದು ಅರ್ಘದ "ಘ"ದಿಂದ. ದಾರಿಕಾದಲ್ಲಿ ಇರುವುದು "ಕ". ತಗಾಲೊಗ್‌ಗೆ "ಕ" ಹೇಳಲು ಕಷ್ಟವೇ ಇಲ್ಲ, ಅದನ್ನು "ಗ" ಮಾಡುವ ಅಗತ್ಯವೂ ಇಲ್ಲ. ಹಾಗಾದರೆ ದಲಾಗದ "ಗ" ಎಲ್ಲಿಂದ ಬಂತು? ಪಕ್ಕದ ಮಲಯ ಭಾಷೆ ನೋಡಿ. ಅಕ್ಕಿಗೆ ಮಲಯದಲ್ಲಿ "ಬೆರಸ್", ತಗಾಲೊಗ್‌ನಲ್ಲಿ "ಬಿಗಸ್". ನರಕ್ಕೆ ಮಲಯದಲ್ಲಿ "ಉರತ್", ಬೇರು ಮತ್ತು ನರಕ್ಕೆ ತಗಾಲೊಗ್‌ನಲ್ಲಿ "ಉಗತ್". ಮೊಟ್ಟೆಗೆ ಅಲ್ಲಿ "ತೆಲುರ್", ಇಲ್ಲಿ "ಇತ್ಲೊಗ್". ಅಲ್ಲಿ "ರ" ಇರುವ ಕಡೆ ಇಲ್ಲಿ "ಗ". ನಮ್ಮ ಹಳಗನ್ನಡದ "ಪ" ಹೊಸಗನ್ನಡದಲ್ಲಿ "ಹ" ಆದ ಹಾಗೆ, ಒಂದು ಪದಕ್ಕಲ್ಲ, ಸಾಲು ಸಾಲು ಪದಗಳಿಗೆ.

ಈಗ ಮಲಯದಲ್ಲಿ ಕನ್ನೆಗೆ ಏನನ್ನುತ್ತಾರೆ? "ದರ". "ಅನಕ್ ದರ" ಅಂದರೆ ಮದುವೆಯಾಗದ ಹುಡುಗಿ. ಫಿಲಿಪೀನ್ಸ್‌ನದೇ ಇನ್ನೊಂದು ಭಾಷೆ ಬಿಕೊಲ್‌ನಲ್ಲಿ "ದರಾಗ". ದಲಾಗ ಆ ಮನೆಯ ಮಗಳು. ಸಂಸ್ಕೃತ ಆ ದ್ವೀಪಗಳಿಗೆ ಹಡಗು ಹತ್ತಿ ಹೋಗುವ ಮೊದಲೇ ಅವಳು ಅಲ್ಲಿದ್ದಳು.

ಸಂಸ್ಕೃತಿ_ಸೇವಕ

ಬೆರಸ್, ಬಿಗಸ್ ಸಾಲು ಗೊತ್ತಿರಲಿಲ್ಲ. ದಾರಿಕಾ ವಾಪಸ್ ತಗೊಂಡೆ. ಹಲಗ ಮಾತ್ರ ಕೊಡುವುದಿಲ್ಲ.

ದವಾವೋ_ಡಾಕ್ಟ್ರು

ಬಿಕೊಲ್ ಹೆಸರು ಬಂತಲ್ಲ, ಒಂದು ಕಥೆ. ಆ ಭಾಷೆಯ ಸೀಮೆಯಲ್ಲಿರುವ ಮಾಯೋನ್ ಜ್ವಾಲಾಮುಖಿಯ ಚಿತ್ರ ನೀವು ನೋಡಿರುತ್ತೀರಿ. ಅಕ್ಕಿ ಸುರಿದು ರಾಶಿ ಮಾಡಿದ ಹಾಗೆ ನಯವಾದ ಗೋಪುರ, 2,462 ಮೀಟರ್ ಎತ್ತರ. ಅದರ ಹೆಸರಿಗೆ ಜನ ಹೇಳುವ ಕಥೆಯ ನಾಯಕಿ "ದರಾಗಂಗ್ ಮಗಯೋನ್", ಅಂದರೆ ಚೆಲುವೆ ಕನ್ನೆ. ಅವಳಿಗೆ ಒಬ್ಬ ಪರವೂರಿನ ಹುಡುಗನ ಮೇಲೆ ಮನಸ್ಸು. ಬಲವಂತದ ಮದುವೆಗೆ ಇನ್ನೊಬ್ಬ ಅವಳ ಅಪ್ಪನನ್ನೇ ಹಿಡಿದಿಟ್ಟ. ಕಾಳಗವಾಯಿತು, ಪ್ರೇಮಿಗಳಿಬ್ಬರೂ ಸತ್ತರು. ಅವಳನ್ನು ಹೂತ ಜಾಗ ಉಬ್ಬುತ್ತಾ ಉಬ್ಬುತ್ತಾ ಬೆಟ್ಟವಾಯಿತು. ಬೆಟ್ಟದ ಬುಡದಲ್ಲೇ ದರಾಗ ಅನ್ನುವ ಊರೂ ಇದೆ. 1814ರ ಫೆಬ್ರವರಿ 1ರಂದು ಸ್ಫೋಟದಲ್ಲಿ ಮುಚ್ಚಿಹೋದ ಕಗ್ಸಾವ ಚರ್ಚಿನ ಗಂಟೆಗೋಪುರ ಇವತ್ತಿಗೂ ಅಲ್ಲಿ ನಿಂತಿದೆ. ರಜೆಯಲ್ಲಿ ಹೋಗಿದ್ದೆ. ಬೆಟ್ಟ ಮೋಡದ ಸೆರಗು ಸರಿಸಲೇ ಇಲ್ಲ. ಗೈಡ್ ನಕ್ಕು, "ದಲಾಗ ಅಲ್ಲವಾ, ನಾಚಿಕೆ" ಅಂದ.

ಹಟ್ಟಿಮನೆ_ಗೌಡ

ಒಂದು ಪ್ರಶ್ನೆ. ನಮ್ಮ ಹಳ್ಳಿಯ ಹುಡುಗ ಮನಿಲಾ ಹತ್ತಿರ ಕೋಳಿ ಫಾರಂ ಒಂದರಲ್ಲಿ ಕೆಲಸಕ್ಕಿದ್ದ. ಅವನು ಇನ್ನೂ ಮೊಟ್ಟೆ ಇಡದ ಎಳೆ ಕೋಳಿಗೆ "ದುಮಲಾಗ" ಅಂತಿದ್ದ. ಇದಕ್ಕೂ ಅದಕ್ಕೂ ನಂಟಿದೆಯಾ?

ಪದಪುರಾಣ

ಗೌಡರೇ, ಸರಿಯಾದ ಕಡೆ ಕೈ ಇಟ್ಟಿರಿ. ಪದದ ಹೊಟ್ಟೆಯೊಳಗೆ "ಉಮ್" ತೂರಿಸುವುದು ಆ ಭಾಷೆಗಳ ಹಳೆಯ ಚಾಳಿ. ದಲಾಗ ಒಳಗೆ ಉಮ್ ಹೊಕ್ಕು ದುಮಲಾಗ. ಮೊಟ್ಟೆಗೆ ಬಂದಿರದ ಕೋಳಿ, ಕರು ಹಾಕಿರದ ಎಮ್ಮೆ, ಎರಡಕ್ಕೂ ಹೇಳುತ್ತಾರೆ. ಮಲಯದವರೂ ಎಳೆ ಕೋಳಿಗೆ "ಅಯಂ ದರ" ಅನ್ನುತ್ತಾರೆ. ಅಂದರೆ ಕನ್ನೆ ಕೋಳಿ.

ಹಟ್ಟಿಮನೆ_ಗೌಡ

ನಮ್ಮಲ್ಲಿ ಹಸು ಎಮ್ಮೆಗೆ ಕಡಸು ಅಂತೀವಿ. ಬಡಗಣದವರು ಮಣಕ ಅಂತಾರೆ. ಆದರೆ ಹುಡುಗಿಗೆ ಕಡಸು ಅಂದರೆ ಅವರಪ್ಪ ದೊಣ್ಣೆ ತರ್ತಾನೆ.

ಶಾಂತಕ್ಕ_ಧಾರವಾಡ

ಗೌಡರ ಮಾತಿಗೆ ನಕ್ಕೆ, ಆದರೆ ಅಲ್ಲೇ ನಿಂತೆ. ಕೋಳಿಗೂ ಹುಡುಗಿಗೂ ಒಂದೇ ಪದದ ಬೇರು. ಮೊಟ್ಟೆ ಇಡುವ ಮುಂಚೆ ಒಂದು ಹೆಸರು, ಇಟ್ಟ ಮೇಲೆ ಒಂದು ಹೆಸರು. ಯಾರು ಲೆಕ್ಕ ಇಟ್ಟವರು ಅಂತ ಬೇರೆ ಹೇಳಬೇಕಾ?

ನನಗೆ ಐವತ್ತೆಂಟು. ಮದುವೆ ಆಗಿಲ್ಲ, ಮೇಷ್ಟ್ರಗಿರಿ ಮಾಡಿದೆ, ಸಂತೋಷವಾಗಿದ್ದೇನೆ. ನಮ್ಮ ಭಾಷೆಯಲ್ಲಿ ನನ್ನಂಥವರಿಗೆ ಪದ ಎಲ್ಲಿದೆ ಹೇಳಿ. ಕನ್ನೆ ಅನ್ನೋ ಹಾಗಿಲ್ಲ, ಹುಡುಗಿ ಅನ್ನೋ ಹಾಗಿಲ್ಲ. ಅರ್ಜಿಯಲ್ಲಿ "ಕುಮಾರಿ" ಅಂತ ಬರೆದರೆ ಕಿಟಕಿಯಾಚೆ ಕೂತವರು ಒಮ್ಮೆ ಹಾಳೆ ನೋಡುತ್ತಾರೆ, ಒಮ್ಮೆ ನನ್ನ ಕೂದಲು ನೋಡುತ್ತಾರೆ. ಮಲ್ಲಿಗೆಯವರ ಕ್ಯಾಂಟೀನಿನ ಆ ಹೆಂಗಸು "ನಾನಿನ್ನೂ ದಲಾಗ" ಅಂತಾರಲ್ಲ, ಅವರಿಗೆ ಒಂದು ಪದವಾದರೂ ಇದೆ.

ದವಾವೋ_ಡಾಕ್ಟ್ರು

ಶಾಂತಕ್ಕಾ, ಪದ ಇದೆ, ಆದರೆ ಪೂರ್ತಿ ಒಳ್ಳೆಯದಲ್ಲ. "ಮತಂದಂಗ್ ದಲಾಗ" ಅಂತಾರೆ, ವಯಸ್ಸಾದ ದಲಾಗ ಅಂತ. ಬೆನ್ನ ಹಿಂದೆ ಹೇಳುವ ಮಾತು ಅದು. ಸಿಟ್ಟು ಜಾಸ್ತಿ, ಸಂಬಂಧ ಬಂದರೂ ಒಪ್ಪಲಿಲ್ಲ ಅನ್ನೋ ಎಲ್ಲ ಬೈಗುಳವೂ ಅದರಲ್ಲೇ ಬರುತ್ತದೆ. "ಮತಂದಂಗ್ ಬಿನಾತ" ಅನ್ನುವುದೂ ಇದೆ, ಗಂಡಸಿಗೆ. ಅದು ಅಷ್ಟು ಚುಚ್ಚುವುದಿಲ್ಲ. ಮದುವೆಯಾಗದೆ ತಾಯಿಯಾದವರಿಗೆ "ದಲಾಗಂಗ್ ಇನ". ಇತ್ತೀಚೆಗೆ ನನ್ನ ಕ್ಲಾಸಿನ ಹುಡುಗಿಯರು ಸುಮ್ನೆ "ಸಿಂಗಲ್" ಅನ್ನುತ್ತಾರೆ.

ಮದುವೆಯಾದ ಮೇಲೂ ಈ ಪದ ಬಿಡುವುದಿಲ್ಲ. "ಅಮ್ಮ ದಲಾಗ ಆಗಿದ್ದಾಗ" ಅಂತ ಕಥೆ ಶುರು ಮಾಡುತ್ತಾರೆ. ತವರಿನ ಮನೆತನದ ಹೆಸರಿಗೆ "ದಲಾಗ ಆಗಿದ್ದಾಗಿನ ಮನೆತನದ ಹೆಸರು" ಅನ್ನುತ್ತಾರೆ. ಮೂರು ಮಕ್ಕಳ ತಾಯಿಗೆ "ಮುಖಂಗ್ ದಲಾಗ ಪ", ಅಂದರೆ ನೋಡಿದರೆ ಇನ್ನೂ ದಲಾಗ ಥರ ಇದ್ದೀರಿ ಅಂದರೆ ಆ ದಿನ ನಿಮಗೆ ಊಟ ಅವರ ಮನೆಯಲ್ಲೇ. ನಮ್ಮ ಹಾಸ್ಟೆಲ್ ಆಂಟಿಯ ಮೇಲೆ ಪ್ರಯೋಗಿಸಿ ನೋಡಿದ್ದೇನೆ, ಎರಡು ಮೀನು ಜಾಸ್ತಿ ಬಂತು.

ಕಡಲ_ಕರೆ

ಮೀನು ಅಂದಾಗ ನೆನಪಾಯಿತು. ನಾನು ಮಂಗಳೂರಿನವನು, ಸರಕು ಹಡಗಿನಲ್ಲಿ ಹತ್ತೊಂಬತ್ತು ವರ್ಷ. ಎಲ್ಲ ಹಡಗಿನಲ್ಲೂ ಫಿಲಿಪಿನೊ ಹುಡುಗರು ಇದ್ದೇ ಇರುತ್ತಾರೆ. ಅವರಲ್ಲಿ "ದಲಾಗಂಗ್ ಬುಕಿದ್" ಅಂತ ಮೀನೇ ಇದೆ. ಬುಕಿದ್ ಅಂದರೆ ಹೊಲ. ಹೊಲದ ಹುಡುಗಿ! ಬೆನ್ನು ಬಾಲ ಹಳದಿ, ಹೊಟ್ಟೆ ಕೆಂಪು. ಹಳ್ಳಿಯ ಹುಡುಗಿ ಸೀರೆ ಉಟ್ಟ ಹಾಗೆ ಬಣ್ಣ. ಗರಿಗರಿ ಹುರಿದು ವಿನೆಗರ್‌ನಲ್ಲಿ ಅದ್ದಿ ತಿನ್ನುತ್ತಾರೆ. ಸಮುದ್ರದ ಮೀನಿಗೆ ಹೊಲದ ಹೆಸರು ಯಾಕೆ ಅಂತ ಕೇಳಿದರೆ ಕುಕ್ ಹೇಳಿದ್ದು, "ತಿನ್ನು, ಪ್ರಶ್ನೆ ಕೇಳಬೇಡ."

ಇನ್ನೊಂದು. ಹಡಗು ಹತ್ತಿದ ಮೇಲೆ ಎಲ್ಲರೂ ಬಿನಾತ. ಊರಿನಲ್ಲಿ ಹೆಂಡತಿ, ನಾಲ್ಕು ಮಕ್ಕಳು. ಬಂದರಿನಲ್ಲಿ ಇಳಿದು ಕೇಳಿ, "ಬಿನಾತ". ನಮ್ಮ ಬೋಸನ್‌ಗೆ, ಅಂದರೆ ಡೆಕ್ ಕೆಲಸಗಾರರ ಮುಖಂಡನಿಗೆ, ಅರವತ್ತು ಹತ್ತಿರ, ಅವನೂ ಬಿನಾತ.

ಶಾಂತಕ್ಕ_ಧಾರವಾಡ

ನೋಡಿದ್ರಾ. ಅವರಿಗೆ ಬಂದರು ಬಂದಾಗಲೆಲ್ಲ ವಾಪಸ್ ಸಿಗುತ್ತದೆ.

ಇತಿಹಾಸ_ಇಣುಕು

ಶಾಂತಕ್ಕನ ಬೇಸರಕ್ಕೆ ನನ್ನದೊಂದು ಸಮಾಧಾನ. ಆ ದೇಶದ ಚರಿತ್ರೆಯಲ್ಲಿ ಈ ಪದ ಮದುವೆಯ ಮಾತಿಗಲ್ಲ, ಓದಿನ ಮಾತಿಗೆ ನೆನಪಿದೆ.

ಮನಿಲಾದ ಉತ್ತರಕ್ಕೆ ಮಾಲೋಲೋಸ್ ಅಂತ ಊರು. ಸ್ಪ್ಯಾನಿಷ್ ಆಳ್ವಿಕೆಯ ಕಾಲ. 1888ರ ಡಿಸೆಂಬರ್ 12ರಂದು ಗವರ್ನರ್ ಜನರಲ್ ವೇಲೆರ್ ಆ ಊರಿಗೆ ಬಂದಾಗ ಇಪ್ಪತ್ತು ಹುಡುಗಿಯರು ಅರ್ಜಿ ಹಿಡಿದು ಎದುರು ನಿಂತರು. ನಮಗೆ ಸ್ಪ್ಯಾನಿಷ್ ಕಲಿಯಬೇಕು, ರಾತ್ರಿ ಶಾಲೆಗೆ ಒಪ್ಪಿಗೆ ಕೊಡಿ ಅಂತ. ಊರಿನ ಪಾದ್ರಿ ಒಪ್ಪಲಿಲ್ಲ. ಆಳುವವರ ಭಾಷೆ ಬಂದರೆ ಜನ ಪ್ರಶ್ನೆ ಕೇಳಲು ಶುರುಮಾಡುತ್ತಾರಲ್ಲ. ಹುಡುಗಿಯರು ಬಿಡಲಿಲ್ಲ. ಕೊನೆಗೆ ಮುಂದಿನ ಫೆಬ್ರವರಿಯಲ್ಲಿ ಅನುಮತಿ ಬಂತು, ಖರ್ಚು ನಿಮ್ಮದೇ ಅನ್ನುವ ಷರತ್ತಿನ ಮೇಲೆ. ಶಾಲೆ ನಡೆದದ್ದು ಕೆಲವೇ ತಿಂಗಳು.

ಸುದ್ದಿ ಯುರೋಪಿಗೆ ಹೋಯಿತು. ಆಗ ಲಂಡನ್ನಿನಲ್ಲಿದ್ದ, ಫಿಲಿಪೀನ್ಸ್ ಇವತ್ತು ರಾಷ್ಟ್ರವೀರ ಅನ್ನುವ ಲೇಖಕ ಹೊಸೆ ರಿಸಾಲ್‌ಗೆ ಅದೇ ದೇಶದ ಪತ್ರಕರ್ತ ಮಾರ್ಸೆಲೊ ದೆಲ್ ಪಿಲಾರ್ ಪತ್ರ ಬರೆದು, ಈ ಹುಡುಗಿಯರಿಗೆ ಎರಡು ಮಾತು ಬರೆಯಪ್ಪ ಅಂದರು. ರಿಸಾಲ್ 1889ರ ಫೆಬ್ರವರಿಯಲ್ಲಿ ಬರೆದ ಉದ್ದದ ಪತ್ರ ಇವತ್ತಿಗೂ ಓದುತ್ತಾರೆ. ಸ್ಪ್ಯಾನಿಷ್‌ನಲ್ಲಿ ಕಾದಂಬರಿ ಬರೆದ ಮನುಷ್ಯ ಇದನ್ನು ಬೇಕೆಂದೇ ತಗಾಲೊಗ್‌ನಲ್ಲಿ ಬರೆದ. ಮಾಲೋಲೋಸಿನ ನನ್ನ ನಾಡಿನ ದಲಾಗರಿಗೆ ಅಂತಲೇ ಅದರ ಶುರು. ಪಾದ್ರಿ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಡಿ, ನೀವೇ ಯೋಚಿಸಿ ಅನ್ನುವುದು ಅದರ ತಿರುಳು.

ಆ ಇಪ್ಪತ್ತು ಜನರ ಗುಂಪಿಗೆ ಹೇಳುವ ಪದ "ಕದಲಗಾಹನ್". ಹಿಂದೆ ಮುಂದೆ ಒಂದೊಂದು ತುಂಡು ಸೇರಿಸಿದರೆ ದಲಾಗರ ಕೂಟ ಆಗುತ್ತದೆ.

ಪದಪುರಾಣ

ಕದಲಗಾಹನ್‌ಗೆ ಕನ್ನೆತನದ ಕಾಲ ಅನ್ನುವ ಅರ್ಥವೂ ಇದೆ. ನಮ್ಮ "ಹರೆಯ" ಥರ. ಹಾಗೇ "ದಲಾಗ ದಲಗಾಹನ್" ಅಂದರೆ ದಲಾಗ ಅಲ್ಲದಿದ್ದರೂ ಹಾಗೆ ವೇಷ ಹಾಕುವುದು. ಕಡಲ ಕರೆಯವರ ಬೋಸನ್‌ಗೆ ಇದೇ ಅಚ್ಚಿನಲ್ಲಿ ಒಂದು ಪದ ಕಟ್ಟಬಹುದು.

ಸುಮ್ನೆ_ಓದ್ತೀನಿ

ಅದು ಬಿಡಿ. "ಬಿನಿಬಿನಿ" ಅಂದರೆ ಏನು? ನನ್ನ ತಂಗಿ ದಿನಾ ಕೇಳುವ ಫಿಲಿಪಿನೊ ಹುಡುಗಿಯರ ಬ್ಯಾಂಡಿನ ಹೆಸರು ಬಿನಿ. ಎಂಟು ಹುಡುಗಿಯರು.

ದವಾವೋ_ಡಾಕ್ಟ್ರು

ಬ್ಯಾಂಡಿನ ಹೆಸರು ಅದರಿಂದಲೇ. "ಬಿನಿಬಿನಿ" ಅಂದರೆ ಮಿಸ್, ನಮ್ಮ "ಕುಮಾರಿ" ಥರ ಹೆಸರಿನ ಮುಂದೆ ಬರೆಯುತ್ತಾರೆ. 1964ರಿಂದ ನಡೆಯುತ್ತಿರುವ ಸೌಂದರ್ಯ ಸ್ಪರ್ಧೆ ಬಿನಿಬಿನಿಂಗ್ ಪಿಲಿಪಿನಾಸ್. ಸ್ಪರ್ಧೆಯ ದಿನ ಇಲ್ಲಿ ನಮ್ಮ ಕ್ರಿಕೆಟ್ ಫೈನಲ್ ಥರ ವಾತಾವರಣ.

ಮಲ್ಲಿಗೆ ಅಕ್ಕ ಇದನ್ನು ನೆನಪಿಟ್ಟುಕೊಳ್ಳಿ. ದಲಾಗ ಅನ್ನುವುದು ಕರೆಯುವ ಪದ ಅಲ್ಲ. "ಏ ದಲಾಗ, ಬಾ ಇಲ್ಲಿ" ಅಂತ ಯಾರೂ ಅನ್ನುವುದಿಲ್ಲ. ಅಂಗಡಿಯ ಹುಡುಗಿಗೆ "ಮಿಸ್", ಇಲ್ಲಾ "ಆತೆ", ಅಂದರೆ ಅಕ್ಕ. ಹಿರಿಯರು ಚಿಕ್ಕವಳಿಗೆ "ಇಹ" ಅನ್ನುತ್ತಾರೆ.

ಮರಳೂರ_ಮಲ್ಲಿಗೆ

ಅಯ್ಯೋ, ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಇಷ್ಟು ಮಾತಾಗಿದೆ. ಎಲ್ಲರಿಗೂ ಧನ್ಯವಾದ. ಆದರೆ ನನ್ನ ಮುಖ್ಯ ಭಯ ಹಾಗೇ ಉಳಿಯಿತು. ಮೈನೆರೆದಾಗ ಹೇಳುವ ಮಾತೂ ಇದೇನಾ?

ದವಾವೋ_ಡಾಕ್ಟ್ರು

ಹೌದು ಅಕ್ಕ, ಅದೇ ಮಾತು. ಮೊದಲ ಸಲ ಮುಟ್ಟಾದಾಗ ಅಜ್ಜಿಯರು "ದಲಾಗ ಕ ನ" ಅನ್ನುತ್ತಾರೆ. ಹಳ್ಳಿ ಕಡೆ ಮನೆಯ ಮೆಟ್ಟಿಲಲ್ಲಿ ಮೂರನೆಯದರಿಂದ ಹಾರಿಸುತ್ತಾರೆ. ಮೂರೇ ದಿನಕ್ಕೆ ಮುಗಿಯಲಿ ಅಂತ. ನಮ್ಮ ಪ್ರೊಫೆಸರ್ ಒಬ್ಬರು ತಾವೂ ಹಾರಿದ್ದನ್ನು ಕ್ಲಾಸಿನಲ್ಲಿ ಹೇಳಿ, "ಐದು ದಿನವೇ ಆಯಿತು" ಅಂದರು.

ಆದರೆ ಅದೇ ಮಾತನ್ನು ಹದಿನೆಂಟಕ್ಕೂ ಹೇಳುತ್ತಾರೆ, ವರ್ಷದ ಮೇಲೆ ನೋಡಿದ ನೆಂಟರ ಹುಡುಗಿಗೂ ಹೇಳುತ್ತಾರೆ. ನಮ್ಮಲ್ಲಿ "ದೊಡ್ಡವಳಾದಳು" ಅಂದರೆ ಒಂದು ಅರ್ಥ, "ಎಷ್ಟು ದೊಡ್ಡವಳಾಗಿಬಿಟ್ಟೆ!" ಅಂದರೆ ಇನ್ನೊಂದು ಅರ್ಥ ಅಲ್ವಾ? ಹಾಗೇ. ದೆಬುವಿನ ದಿನ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೂ ಚೆಂದ ಬೇಕಾದರೆ "ದಲಾಗಂಗ್ ದಲಾಗ ಕ ನ" ಅನ್ನಿ. ಪೂರ್ತಿ ದಲಾಗ ಆಗಿಬಿಟ್ಟೆ ಅಂತ. ಅತ್ತೆ ಮಾವಂದಿರು ಕೆನ್ನೆ ಹಿಂಡುತ್ತಾ ಹೇಳುವ ಧಾಟಿ ಅದು.

ಶಾಂತಕ್ಕ_ಧಾರವಾಡ

ಹೇಳಿ ಬನ್ನಿ ತಂಗಿ. ಬಂದು ನಮಗೂ ಹೇಳಿ.

ಮರಳೂರ_ಮಲ್ಲಿಗೆ

ಹೋಗಿ ಬಂದೆ. ಹುಡುಗಿ ತಿಳಿನೀಲಿ ಗೌನಿನಲ್ಲಿ, ಅವರಮ್ಮ ಮೊದಲ ಗುಲಾಬಿಯಿಂದಲೇ ಅಳು. ಮೋಂಬತ್ತಿಯಲ್ಲಿ ನನ್ನದು ಹದಿನಾಲ್ಕನೆಯದು. ಕೈ ನಡುಗಿ ಮೇಣ ಬೆರಳ ಮೇಲೆ ಬಿತ್ತು. "ದಲಾಗಂಗ್ ದಲಾಗ ಕ ನ" ಅಂದೆ. "ಲಾ" ಎಳೆದೆ, ಪದಪುರಾಣದವರೇ! ಹಾಲ್ ಪೂರ್ತಿ ಚಪ್ಪಾಳೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದುಬಂದು ನನ್ನ ಕೈ ಹಿಡಿದುಕೊಂಡರು.

ಹದಿನೈದನೆಯವರು ಯಾರು ಗೊತ್ತಾ? ನಮ್ಮ ಕ್ಯಾಂಟೀನಿನವರು. ನನ್ನ ಮೋಂಬತ್ತಿಯಿಂದ ಅವರದು ಹಚ್ಚಿಕೊಂಡರು. ಹುಡುಗಿಯ ಕಡೆ ತಿರುಗಿ ಮೊದಲು "ದಲಾಗ ಕ ನ" ಅಂದರು. ಆಮೇಲೆ ಎದೆ ಮುಟ್ಟಿಕೊಂಡು "ದಲಾಗ ಪ ಅಕೋ" ಅಂದರು. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ, ಓಡಿಬಂದು ಅವರನ್ನು ಅಪ್ಪಿಕೊಂಡಳು.

ಶಾಂತಕ್ಕ_ಧಾರವಾಡ

ಅವರಿಗೆ ಧಾರವಾಡದಿಂದ ಒಬ್ಬ ದಲಾಗ ಕೇಳಿದಳು ಅಂತ ಹೇಳಿ.

ಸುಮ್ನೆ_ಓದ್ತೀನಿ

ಬಿರಿಯಾನಿ ಇತ್ತಾ?

ಮರಳೂರ_ಮಲ್ಲಿಗೆ

ಇಲ್ಲಪ್ಪಾ. ಪನ್ಸಿತ್ ಇತ್ತು, ಉದ್ದುದ್ದ ನೂಡಲ್ಸ್. ಹುಟ್ಟುಹಬ್ಬಕ್ಕೆ ಅದನ್ನು ತುಂಡು ಮಾಡದೆ ತಿನ್ನಬೇಕಂತೆ, ಆಯಸ್ಸು ಉದ್ದವಾಗಲಿ ಅಂತ. ನಾನು ಗೊತ್ತಿಲ್ಲದೆ ಚಮಚದಲ್ಲಿ ಕತ್ತರಿಸಿಬಿಟ್ಟೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಬೇಕು.